ಸೆರೆಂಗೆಟಿಯ ದಾರಿ ಕುತ್ಲೂರಿಗೆ ಬೇಡ

ಪೂರ್ವ ಆಫ್ರಿಕಾದ ತಾಂಜಾನಿಯಾ ದೇಶದ ಸೆರೆಂಗೆಟಿಯನ್ನು ನಮ್ಮಲ್ಲಿ ಅನೇಕರು ದೂರದರ್ಶನದಲ್ಲಿ ಕಂಡಿದ್ದಾರೆ. ಹತ್ತು ಲಕ್ಷಕ್ಕೂ ಮೀರಿದ ವೈಲ್ಡ್‌ಬೀಸ್ಟ್‌ಗಳ ವಲಸೆ, ಹುಲ್ಲಿನಲ್ಲಿ ಮಲಗಿದ ಸಿಂಹ, ಅದನ್ನು ಸುತ್ತುವರಿದ ಸಫಾರಿ ಜೀಪುಗಳು. ಆ ಚಿತ್ರದಲ್ಲಿ ಒಂದೇ ಒಂದು ಮನೆ ಕಾಣುವುದಿಲ್ಲ. ಅಲ್ಲಿ ಮನೆಗಳೇ ಇರಲಿಲ್ಲವೆಂದು ಇದರರ್ಥವಲ್ಲ. 1951ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ಬಯಲಿನಿಂದ ಮಾಸಾಯಿ ಪಶುಪಾಲಕರನ್ನು 1959ರಲ್ಲಿ ಹೊರಗೆ ಕಳುಹಿಸಲಾಯಿತು. ಪಕ್ಕದ ಗೊರೊಂಗೊರೊದಲ್ಲಿ ದನ ಮೇಯಿಸಿಕೊಂಡು ಬಾಳಬಹುದೆಂದು ಬ್ರಿಟಿಷ್ ಆಡಳಿತ ಮಾತು ಕೊಟ್ಟಿತು. 2022ರಲ್ಲಿ ಅದೇ ಗೊರೊಂಗೊರೊದಿಂದಲೂ ಅವರನ್ನು ನೂರಾರು ಕಿಲೋಮೀಟರ್ ದೂರದ ಹಂಡೇನಿ ಜಿಲ್ಲೆಗೆ ಸಾಗಿಸುವ ಕಾರ್ಯ ಆರಂಭವಾಯಿತು. ಪ್ರವಾಸಿಗರ ವಸತಿಗೃಹಗಳು ಮಾತ್ರ ಅಲ್ಲಿಯೇ ಉಳಿದವು. ಸರಕಾರ ಈ ಸಾಗಾಟಕ್ಕೆ ಕೊಟ್ಟ ಹೆಸರು 'ಸ್ವಯಂಪ್ರೇರಿತ ಸ್ಥಳಾಂತರ'.

ಬೆಳ್ತಂಗಡಿ ತಾಲೂಕಿನ ಮಲೆಕುಡಿಯರಿಗೆ ಈ ಪದ ಹೊಸದಲ್ಲ. ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಕುದುರೆಮುಖ ರಾಷ್ಟ್ರೀಯ ಉದ್ಯಾನ 1987ರಲ್ಲಿ ಘೋಷಣೆಯಾಯಿತು. ಅಂತಿಮ ಅಧಿಸೂಚನೆ ಹೊರಟದ್ದು 2001ರಲ್ಲಿ. ಘೋಷಣೆಯ ಬಳಿಕವೂ ಅದೇ ಮಲೆಯಲ್ಲಿ 2005ರ ಕೊನೆಯವರೆಗೆ, ಅಂದರೆ ಹದಿನೆಂಟು ವರ್ಷ, ಕಬ್ಬಿಣದ ಅದಿರು ಅಗೆಯುವ ಯಂತ್ರಗಳು ಓಡಿದವು. ಜೇನು, ಸೀಗೆ, ರಾಮಪತ್ರೆ ಹೆಕ್ಕಿ ಬದುಕುವವರು ಕಾಡಿಗೆ ಭಾರವೆನಿಸಿದರು! ಗಣಿ ನಿಂತದ್ದು ಪರಿಸರ ಚಳವಳಿಯ ದೊಡ್ಡ ಗೆಲುವು, ನಿಜ. ಆದರೆ ಆ ಗೆಲುವಿನ ಫಲ ಮಲೆಕುಡಿಯರ ಅಂಗಳವನ್ನು ಇನ್ನೂ ಪೂರ್ತಿ ತಲುಪಿಲ್ಲ.

ನಾರಾವಿ ಸಮೀಪದ ಕುತ್ಲೂರನ್ನೇ ನೋಡಿ. ಉದ್ಯಾನದ ನೆಪದಲ್ಲಿ ಒಕ್ಕಲೆಬ್ಬಿಸುವ ಭೀತಿಯನ್ನು ವರ್ಷಗಟ್ಟಲೆ ಉಂಡ ಈ ಗ್ರಾಮಕ್ಕೆ 2024ರಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಸಾಹಸ ಪ್ರವಾಸ ವಿಭಾಗದಲ್ಲಿ ಅತ್ಯುತ್ತಮ ಪ್ರವಾಸಿ ಗ್ರಾಮವೆಂಬ ಪ್ರಶಸ್ತಿ ನೀಡಿತು. ಊರಿನವರು ಹೆಮ್ಮೆಪಡಲಿ, ಹೋಂಸ್ಟೇ ನಡೆಸಿ ನಾಲ್ಕು ಕಾಸು ಕಂಡರೆ ಯಾರಿಗೇನು ತಕರಾರು? ನಮ್ಮ ಪ್ರಶ್ನೆ ಬೇರೆ. ನೋಡಲು ಬರುವವನಿಗೆ ಕಾಡಿನ ಬಾಗಿಲು ತೆರೆಯುವ ಮುನ್ನ, ಅಲ್ಲಿಯೇ ಹುಟ್ಟಿದವನಿಗೆ ಉಳಿಯುವ ಹಕ್ಕು ಖಚಿತವಾಗಬೇಡವೇ?

ನಾಗರಹೊಳೆಯ ಮೂರ್ಕಲ್‌ನಲ್ಲಿ, ಉದ್ಯಾನದೊಳಗೇ, ತಾಜ್ ಸಮೂಹದ ಪ್ರವಾಸಿಧಾಮ ಏಳತೊಡಗಿದಾಗ ಆದಿವಾಸಿಗಳು ಕೇಳಿದ್ದೂ ಇದನ್ನೇ. 1997ರಲ್ಲಿ ರಾಜ್ಯ ಉಚ್ಚ ನ್ಯಾಯಾಲಯ ಆ ಧಾಮವನ್ನು ತಡೆಯಿತು. ಸಫಾರಿಯ ಭರಾಟೆ ಮಾತ್ರ ನಿಲ್ಲಲಿಲ್ಲ. ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ, 2025ರ ನವೆಂಬರಿನಲ್ಲಿ, ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸರಕಾರವೇ ಸಫಾರಿ ನಿಲ್ಲಿಸಬೇಕಾಯಿತು.

ನಮ್ಮ ಘಟ್ಟದ ಕಾಡಂತೂ ಜೀಪಿನಿಂದ ನೋಡುವಂಥದ್ದೇ ಅಲ್ಲ. ಸೆರೆಂಗೆಟಿಯ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಪ್ರಾಣಿಗಳು ಕಾಣುತ್ತವೆ; ಇಲ್ಲಿ ಸಿಂಗಳೀಕ ಮರದ ನೆತ್ತಿಯಲ್ಲಿ, ಕಾಟಿ ಪೊದೆಯ ಮರೆಯಲ್ಲಿ. ಅವನ್ನು ತೋರಿಸಲೇಬೇಕೆಂದು ಹೊರಟರೆ ರಸ್ತೆ ಅಗಲಿಸಬೇಕು, ಮರ ಕಡಿಯಬೇಕು. ಈ ಕಾಡಿನ ಕೆಲಸ ಮಳೆನೀರನ್ನು ಹಿಡಿದಿಟ್ಟು ಮೆಲ್ಲನೆ ಬಿಡುವುದು. ಹುಲ್ಲುಗಾವಲೂ ಶೋಲೆಯೂ ಜಿನುಗಿಸಿದ ನೀರೇ ನೇತ್ರಾವತಿಯಾಗಿ ಬಂಟ್ವಾಳಕ್ಕಿಳಿದು, ತುಂಬೆಯ ಅಣೆಕಟ್ಟಿನಿಂದ ಮಂಗಳೂರಿನ ನಳ್ಳಿಗಳಿಗೆ ಹೋಗುತ್ತದೆ. ಬೇಸಗೆಯಲ್ಲಿ ತುಂಬೆಯ ನೀರಿನ ಮಟ್ಟವನ್ನು ದಿನವೂ ಪತ್ರಿಕೆಯಲ್ಲಿ ಹುಡುಕುವ ನಗರವಾಸಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಹಕ್ಕುಗಳನ್ನು ಗುರುತಿಸಿ ಮುಗಿಸದೆ, ಗ್ರಾಮಸಭೆಯ ಲಿಖಿತ ಒಪ್ಪಿಗೆಯಿಲ್ಲದೆ, ಯಾರನ್ನೂ ಸ್ಥಳಾಂತರಿಸುವಂತಿಲ್ಲ. 2005ರ ಡಿಸೆಂಬರ್ 13ಕ್ಕೆ ಮುನ್ನ ಭೂಮಿ ಸ್ವಾಧೀನದಲ್ಲಿದ್ದ ಪರಿಶಿಷ್ಟ ಪಂಗಡದ ಕುಟುಂಬ ಅರ್ಜಿ ಹಾಕಬಹುದು. ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಒಂದು ಸಾಕ್ಷ್ಯ. ಅದರೊಡನೆ ಮತ್ತೊಂದು ಸಾಕ್ಷ್ಯ ಬೇಕು. ಹಳೆಯ ಮನೆಯ ಪಂಚಾಂಗ, ಬಾವಿ, ಗೋರಿ, ದೈವದ ಕಟ್ಟೆಯಂಥವೂ ಆಗುತ್ತವೆ. ನಾರಾವಿ, ವೇಣೂರುಗಳಿಂದ ಮೂಡಬಿದಿರೆಯ ಕಾಲೇಜುಗಳಿಗೆ ದಿನವೂ ಬಸ್ಸು ಹತ್ತುವ ವಿದ್ಯಾರ್ಥಿಗಳು ಒಂದೆರಡು ಭಾನುವಾರ ಮಲೆಯ ಮನೆಗಳಲ್ಲಿ ಕುಳಿತು ಈ ಹೇಳಿಕೆಗಳನ್ನು ಬರೆದುಕೊಡಲಿ. ಎಷ್ಟು ವಾಹನ, ಯಾವ ದಾರಿ, ಯಾವ ತಿಂಗಳಲ್ಲಿ ಎಂಬುದನ್ನು ಅನಂತರದ ಗ್ರಾಮಸಭೆ ಕುಳಿತು ತೀರ್ಮಾನಿಸಲಿ.