ನಮ್ಮ ದಿನ 1 ಏರ್‌ಪೋರ್ಟಿನಿಂದ ಶುರುವಾಗಂಗಿಲ್ಲ

1/8
ಫೋಟೋದಾಗ ಸಮುದ್ರ ಇಲ್ಲ, ತೆಂಗಿನ ಗಿಡ ಇಲ್ಲ. ವಾಡಿ ಜಂಕ್ಷನ್ ಪ್ಲಾಟ್‌ಫಾರ್ಮ್ ಅದ, ಎರಡು ಬ್ಯಾಗ್ ಅವ, ಖಡಕ್ ರೊಟ್ಟಿ-ಶೇಂಗಾ ಹಿಂಡಿ ಕಟ್ಟಿದ ಒಂದು ಗಂಟು ಅದ. "ಅಂಡಮಾನ್, ದಿನ 1" ಅಂತ ಬರೆದು ಈ ಫೋಟೋ ಯಾಕ ಹಾಕೀರಿ ಅಂತ ಕೇಳೋರಿಗೆ ಮೊದಲೇ ಹೇಳ್ತೀನಿ: ಬೇಕಂತಲೇ ಹಾಕೀನಿ.

ನಾವು ಗಂಡ-ಹೆಂಡತಿ ರಾವೂರದವರು. ಮದುವೆಯಾಗಿ 14 ವರ್ಷ. ಹರಕೆ ಇಲ್ಲದ, ಬೀಗರ ಮದುವೆ ಇಲ್ಲದ, ಬರೀ ಇಬ್ಬರೇ ಹೋಗೋ ಮೊದಲನೇ ಪ್ರಯಾಣ ಇದು. ಇದರ ಮೊದಲ ದಿನ ಎಲ್ಲಿಂದ ಎಣಿಸಬೇಕು ಅನ್ನೋದರ ಮ್ಯಾಲ ನನ್ನದೊಂದು ತಕರಾರು ಅದ. ಪೂರ್ತಿ ಓದ್ರಿ, ಬೈಯೋದಿದ್ರ ಆಮ್ಯಾಲ ಬೈರಿ.

2/8
ಯಾವುದಾದ್ರೂ ಟೂರ್ ಪ್ಯಾಕೇಜಿನ ಹಾಳಿ ತೆಗೆದು ನೋಡ್ರಿ. ಸುಮಾರು ಎಲ್ಲದರಾಗೂ ಒಂದೇ ಮಾತು: 5 ರಾತ್ರಿ, 6 ಹಗಲು. ದಿನ 1: ಪೋರ್ಟ್ ಬ್ಲೇರ್ ವಿಮಾನ ನಿಲ್ದಾಣದಲ್ಲಿ ಸ್ವಾಗತ, ಹೋಟೆಲ್, ಸಂಜೆ ಸೆಲ್ಯುಲರ್ ಜೈಲು. (ಆ ಊರಿಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು. ಹಾಳಿ ಮ್ಯಾಲ ಇನ್ನೂ ಹಳೇದೇ ನಡದದ.)

ಈಗ ರಾವೂರದ ಲೆಕ್ಕ ಕೇಳ್ರಿ. ಹಿಂದಿನ ದಿನವೇ ಮನಿ ಬಿಡಬೇಕು. ವಾಡಿಯಿಂದ ರೈಲು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರ, ವಿಕಾರಾಬಾದ್ ದಾಟಿ ಹೈದರಾಬಾದ್. ಅಲ್ಲಿಂದ ಊರ ಹೊರಗಿನ ಶಂಶಾಬಾದ್ ಏರ್‌ಪೋರ್ಟ್. ಅಂಡಮಾನಿನ ವಿಮಾನಗಳು ಬಹಳಷ್ಟು ಮುಂಜಾನಿವೇ. ಅಂದ್ರ ರಾತ್ರಿ ಕುರ್ಚಿ ಮ್ಯಾಲೇ ಕಳೀಬೇಕು. ಮರುದಿನ ಎರಡು-ಎರಡೂವರೆ ತಾಸು ಆಕಾಶದಾಗ.

ಅವರ ದಿನ 1 ಶುರುವಾಗೋ ಹೊತ್ತಿಗೆ ನಮ್ಮದು ದಿನ 2 ನಡೆದಿರುತ್ತದೆ. ಬರೋವಾಗಲೂ ಹಂಗೇ. 6 ಹಗಲಿನ ಪ್ರವಾಸ ನಮಗೆ 8 ಹಗಲು. ಆ ಎರಡು ದಿನ ಹಾಳಿಯ ಯಾವ ಮೂಲ್ಯಾಗೂ ಇಲ್ಲ.

3/8
"ಎರಡು ದಿನ ಹೆಚ್ಚಾದ್ರ ಏನಾಯ್ತು?" ಅನ್ನಬಹುದು. ತಿಂಗಳ ಸಂಬಳ, ತುಂಬಿದ ರಜೆ ಇದ್ದವರಿಗೆ ಏನೂ ಆಗಂಗಿಲ್ಲ. ನಮ್ಮ ಕಡೆ ಖಣಿಯಾಗ ಕಲ್ಲು ಎತ್ತೋರು, ಫರಸಿ ಪಾಲಿಶ್ ಮಷಿನಿನ ಮ್ಯಾಲ ನಿಂತೋರು ಇದ್ದಾರ. ಬಂದರ ಪಗಾರ, ಬರದಿದ್ದರ ಇಲ್ಲ. ಅವರಿಗೆ ಎರಡು ದಿನ ಅಂದ್ರ ಎರಡು ದಿನದ ಕೂಲಿ. ಅದರ ಮ್ಯಾಲ ರೈಲಿನ ಟಿಕೆಟ್, ಏರ್‌ಪೋರ್ಟಿಗೆ ಬಸ್ಸು, ಅಲ್ಲಿ ಮೈ ಸುಡೋ ರೇಟಿನ ಚಹಾ.

ಹೆಣ್ಣುಮಕ್ಕಳ ಲೆಕ್ಕ ಇನ್ನೊಂದು. ಪ್ಯಾಕೇಜಿನಾಗ "ಕಪಲ್" ಅಂತ ಒಂದೇ ಮಾತು ಬರೀತಾರ. ಆದರೆ ಇಬ್ಬರ ದಿನ 1 ಒಂದೇ ಹೊತ್ತಿಗೆ ಶುರುವಾಗುವುದಿಲ್ಲ. ಗಂಡನ ದಿನ ಬ್ಯಾಗ್ ಎತ್ತಿದಾಗ ಶುರು. ಹೆಂಡತಿಯ ದಿನ ಮುನ್ನಾದಿನ ಒಲಿ ಹಚ್ಚಿದಾಗಲೇ ಶುರು. ಅತ್ತಿ-ಮಾವರಿಗೆ ಎಂಟು ದಿನಕ್ಕೆ ಸಾಲೋ ರೊಟ್ಟಿ, ಮಕ್ಕಳನ್ನು ತವರಿಗೆ ಬಿಡೋದು, ಎಮ್ಮಿ ಹಾಲು ಹಿಂಡೋರನ್ನು ಗೊತ್ತು ಮಾಡೋದು. ಇದನ್ನೆಲ್ಲಾ ಮುಗಿಸಿ ರೈಲು ಹತ್ತಿದಾಕಿಗೆ "ರಜೆ ಇನ್ನೂ ಶುರುವಾಗಿಲ್ಲ" ಅಂದ್ರ ಹೆಂಗಾಗಬೇಡ? ಆಕಿ ಆಗಲೇ ಎರಡು ದಿನ ದುಡಿದು ಈ ಪ್ರಯಾಣದ ಬೆಲೆ ಕೊಟ್ಟಾಳ.

4/8
ಫೋಟೋ: ಕಿಟಕಿಯಿಂದ ತಾಂಡೂರ. ಹೊತ್ತು ಮುಳುಗ್ಲಾಕತ್ತದ.

ಹೊತ್ತಿನ ಮಾತು ಬಂತು, ಇದನ್ನೂ ತಿಳಿದಿರ್ರಿ. ಯಾವ ಏಜೆಂಟೂ ಹೇಳಂಗಿಲ್ಲ. ಅಂಡಮಾನಿನ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ನಮ್ಮವನಲ್ಲ. ರಾವೂರ ಇರುವುದು ಪೂರ್ವ ರೇಖಾಂಶ 77 ಡಿಗ್ರಿಯ ಹತ್ತಿರ, ಪೋರ್ಟ್ ಬ್ಲೇರ್ 92ರ ಆಚೆ. ಒಂದು ಡಿಗ್ರಿಗೆ 4 ನಿಮಿಷ ಅಂತ ಹಿಡಿದರೂ ಸೂರ್ಯನ ಲೆಕ್ಕದಾಗ ಅಲ್ಲಿ ಒಂದು ತಾಸು ಮುಂದ. ಗಡಿಯಾರ ಒಂದೇ ಆದ್ದರಿಂದ ಡಿಸೆಂಬರಿನಾಗ ಸಂಜೆ 5ಕ್ಕೇ ಕತ್ತಲಾಗ್ಲಾಕ ಹತ್ತುತ್ತದೆ.

ಅಂದ್ರ ಹಾಳಿ ಮ್ಯಾಲಿನ "ದಿನ 1" ಒಂದು ಪೂರ್ತಿ ದಿನವೂ ಅಲ್ಲ. ಮಧ್ಯಾಹ್ನ ಇಳಿದು, ಹೋಟೆಲ್ ಸೇರಿ, ಮಾರಿ ತೊಳೆಯೋದರಾಗ ಹೊತ್ತು ಇಳಿದಿರುತ್ತದೆ. ರಾತ್ರಿಯೆಲ್ಲಾ ನಿದ್ದಿ ಇಲ್ಲದ ಇಬ್ಬರು ಜೈಲಿನ ಗ್ಯಾಲರಿಯಾಗ ಆಕಳಿಸ್ಕೋತ ನಿಂತಿರ್ತಾರ. ಇದಕ್ಕೆ ಒಂದು ಇಡೀ ದಿನದ ರೊಕ್ಕ. ನಾವು ಖರೇನೇ ಕಳೆದ ದಿನಕ್ಕೆ ಲೆಕ್ಕ ಇಲ್ಲ, ಕಳೆಯದೇ ಇರೋ ದಿನಕ್ಕೆ ಬಿಲ್ ಅದ.

5/8
ನಮ್ಮ ಹಿರಿಯರು ಪ್ರಯಾಣ ಎಣಿಸ್ತಿದ್ದ ಬಗೆ ಬ್ಯಾರೆ. ಯುಗಾದಿ ಮುಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗೋರನ್ನ ನೋಡೀರಲ್ಲ? ಅವರು ಕರ್ನೂಲಿನಿಂದ ದಿನ ಎಣಿಸ್ತಾರೇನು? ಇಲ್ಲ. ಮನಿ ಹೊಸ್ತಿಲಿಗೆ ಕಾಯಿ ಒಡೆದು ಹೊರಗ ಕಾಲಿಟ್ಟ ಗಳಿಗೆಯೇ ಯಾತ್ರೆ ಶುರು. ಮೊದಲ ದಿನದ ಬೊಬ್ಬಿಯೂ ಯಾತ್ರೆಯೇ, ಹಾದಿಯೊಳಗ ನೀರು ಕೊಟ್ಟವರೂ ಯಾತ್ರೆಯ ಪಾಲುದಾರರೇ. ಊರೂರಿನಾಗ ದಾಸೋಹ ಇಡ್ತಾರ ಅಂದ್ರ ಹಾದಿಗೂ ಮರ್ಯಾದಿ ಅದ ಅಂತಲೇ.

ದೇವರ ಕಡೆ ಹೋಗೋ ಹಾದಿಗೆ ಇರೋ ಮರ್ಯಾದಿ ಗಂಡ-ಹೆಂಡತಿ ಕೂಡಿ ಹೋಗೋ ಹಾದಿಗೆ ಯಾಕ ಇಲ್ಲ? ಊರಾಗ ಕೇಳಿದ ಮಾತು: "ತಿರುಪತಿಗೆ ಹೋಗಿದ್ರ ಪುಣ್ಯ ಆದ್ರೂ ಬರ್ತಿತ್ತು." ಪುಣ್ಯ ಬ್ಯಾಡ ಅಂದಿಲ್ರಿ. 14 ವರ್ಷದಾಗ ನಾವಿಬ್ಬರೂ ಎದುರು-ಬದುರು ಕುಂತು, ಯಾರೂ ಕರೆಯದೇ, ನಾಲ್ಕು ತಾಸು ಮಾತಾಡಿದ್ದು ಈ ರೈಲಿನಾಗೇ ಮೊದಲು. ಇದನ್ನ ಪ್ರವಾಸದಾಗ ಎಣಿಸಬ್ಯಾಡ ಅಂದ್ರ ಮತ್ತ ಯಾವುದನ್ನ ಎಣಿಸಲಿ?

6/8
ಈಗ ದೊಡ್ಡ ಮಾತು. ಕಲಬುರಗಿಗೆ ವಿಮಾನ ಯಾಕ ನಿಲ್ಲಂಗಿಲ್ಲ ಅಂತ ಕೇಳಿದ್ರ "ಜನ ಇಲ್ಲ" ಅಂತಾರ. ಏರ್‌ಪೋರ್ಟ್ ಶುರುವಾದದ್ದು 2019ರ ನವೆಂಬರ್ 22ಕ್ಕೆ. ಉಡಾನ್ ಯೋಜನೆಯಲ್ಲಿ ವಿಮಾನ ಕಂಪನಿಗೆ ನಷ್ಟ ತುಂಬಿಕೊಡೋದು 3 ವರ್ಷ. ಒಂದು ಮಾರ್ಗ ಶುರುವಾಗೋದು, ಕೆಲವು ದಿನಕ್ಕೆ ನಿಲ್ಲೋದು, ನಾವೆಲ್ಲಾ ನೋಡೀವಿ.

ಜನ ಇಲ್ಲ ಅನ್ನೋದು ಖರೆ ಏನು? ನಾವಿಬ್ಬರೂ ಜನರೇ. ಆದ್ರ ನಮ್ಮ ಟಿಕೆಟ್ ಮ್ಯಾಲ ಹೈದರಾಬಾದ್ ಅಂತ ಬರೆದದ. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಯಿಂದ ಹೋಗಿ ಅಲ್ಲಿ ವಿಮಾನ ಹತ್ತೋ ಪ್ರತಿಯೊಬ್ಬರೂ ಹೈದರಾಬಾದಿನ ಪ್ರಯಾಣಿಕರು ಅಂತಲೇ ಲೆಕ್ಕ. ಮೊದಲ ದಿನ ಎಣಿಸದೇ ಬಿಟ್ಟರ ಆಗೋದು ಇದೇ: ನಾವು ಇಲ್ಲ ಅಂತ ನಾವೇ ಬರೆದುಕೊಟ್ಟಂಗ.

ರೈಲಿನದೂ ಇದೇ ಕಥಿ. ವಾಡಿ–ಸಿಕಂದರಾಬಾದ್ ಹಳಿ 1874ರಲ್ಲೇ ಬಂದದ್ದು. ಇಂದಿಗೂ ಕಲಬುರಗಿ, ವಾಡಿ ಸ್ಟೇಷನ್ನಿನ ಆಡಳಿತ ಸೊಲ್ಲಾಪುರ ವಿಭಾಗದ ಕೈಯಾಗ. ಕಲಬುರಗಿಗೇ ಒಂದು ರೈಲ್ವೆ ವಿಭಾಗ ಅಂತ 2014ರಲ್ಲಿ ಅಡಿಗಲ್ಲು ಹಾಕಿದ್ರು. ಕಲ್ಲಿಗೆ ನಮ್ಮಲ್ಲಿ ಬರ ಇಲ್ಲ ನೋಡ್ರಿ. ಶಹಾಬಾದಿ ಫರಸಿ ಎಲ್ಲೆಲ್ಲಿಯದೋ ಮನಿ-ಶಾಲಿಗಳ ನೆಲಕ್ಕ ಹೋಗಿ ಕುಂತದ, ವಾಡಿ ಸಿಮೆಂಟ್ ಊರೂರು ಮುಟ್ಟದ. ಕಲ್ಲು ಹೊರಗ ಹೋಗ್ಲಾಕ ಹಾದಿ ಅದ, ಸಿಮೆಂಟ್ ಹೋಗ್ಲಾಕ ಹಾದಿ ಅದ. ಅದನ್ನ ತೆಗೆದ ಮನುಷ್ಯ ಎಂಟು ದಿನ ಹೋಗಿ ಬರ್ತೀನಿ ಅಂದ್ರ ಮಾತ್ರ ಕುರ್ಚಿ ಮ್ಯಾಲ ರಾತ್ರಿ ಕಳೀಬೇಕು.

7/8
ಎರಡು ಆಕ್ಷೇಪ ಬರ್ತಾವ, ಗೊತ್ತದ.

ಒಂದು: "ದ್ವೀಪ ಬೇಕಂದ್ರ ನಮ್ಮ ಮಲ್ಪೆ ಮುಂದ ಸೇಂಟ್ ಮೇರೀಸ್ ಇಲ್ಲೇನು?" ಅದ, ಚಂದ ಅದ. ಆದ್ರ ರಾವೂರದಿಂದ ಮಲ್ಪೆ ಹೈದರಾಬಾದಿಗಿಂತ ಎಷ್ಟೋ ದೂರ. ಮಳಿಗಾಲದಾಗ ದೋಣಿಯೂ ಬಂದ್. "ನಮ್ಮ ರಾಜ್ಯ" ಅಂದ ಮಾತ್ರಕ್ಕ ಹತ್ತಿರ ಆಗಂಗಿಲ್ಲ. ಅಲ್ಲಿಗೆ ಹೋದರೂ ನಮ್ಮ ಮೊದಲ ದಿನದ ಪ್ರಶ್ನೆ ಇದೇ.

ಎರಡು: ಮಾವನವರು ಅಂದದ್ದು. "ಕಾಲಾಪಾನಿಗೆ ರೊಕ್ಕ ಕೊಟ್ಟು ಹೋಗ್ತೀರೇನವ್ವಾ?" ನಕ್ಕೋತ ಅಂದ್ರು, ಆದ್ರ ಮಾತಿನಾಗ ಇತಿಹಾಸ ಅದ. ನಮ್ಮ ಸೀಮಿ ನಿಜಾಮರ ಕೈಯಾಗಿದ್ದ ಕಾಲ. 1857ರ ಜುಲೈ 17ರಂದು ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿ ಮೇಲೆ ನಡೆದ ದಾಳಿಯ ಮುಂದಾಳು ಮೌಲ್ವಿ ಅಲಾವುದ್ದೀನರನ್ನು ಅಂಡಮಾನಿಗೆ ಸಾಗಿಸಿದರು. ಅವರು ಅಲ್ಲೇ ತೀರಿಕೊಂಡರು. ಸೆಲ್ಯುಲರ್ ಜೈಲು ಆಗ ಇನ್ನೂ ಕಟ್ಟಿರಲಿಲ್ಲ, ಅದು ಮುಗಿದದ್ದು 1906ರಲ್ಲಿ. ಹೊರಟ ದಿನವನ್ನೂ ಬರೋ ದಿನವನ್ನೂ ಯಾರೂ ಕೇಳದ ಪ್ರಯಾಣ ಕೈದಿಗಳದ್ದು. ನಾವು ಕೈದಿಗಳಲ್ಲ. ಸ್ವಂತ ರೊಕ್ಕದಾಗ, ಸ್ವಂತ ಮನಸ್ಸಿನಿಂದ ಹೊಂಟೋರು. ಹೊರಟ ದಿನ ಕೇಳೋ ಹಕ್ಕು ನಮಗದ.

8/8
ಹಂಗಾದ್ರ ಏನು ಮಾಡಬೇಕು? ಅಂಡಮಾನಿಗೆ ಕಲಬುರಗಿಯಿಂದ ನೇರ ವಿಮಾನ ಬಿಡ್ರಿ ಅಂತ ನಾನು ಕೇಳವಲ್ಲೆ. ಕೇಳೋದು ಸಣ್ಣ ಮಾತು.

ಪ್ಯಾಕೇಜ್ ಮಾರೋರಿಗೆ ಕೇಳ್ರಿ: "ನಮ್ಮ ಮನಿ ಬಾಗಿಲಿನಿಂದ ಮನಿ ಬಾಗಿಲಿಗೆ ಎಷ್ಟು ದಿನ, ಎಷ್ಟು ರೊಕ್ಕ? ಹಾಳಿ ಮ್ಯಾಲ ಬರೆದು ಕೊಡ್ರಿ." ಬರೀಲಿಲ್ಲ ಅಂದ್ರ ರೊಕ್ಕ ಕೊಡಬ್ಯಾಡ್ರಿ.

ಓಟು ಕೇಳ್ಲಾಕ ಬಂದೋರಿಗೆ ಕೇಳ್ರಿ: ಮುಂಜಾನಿ ವಿಮಾನಕ್ಕ ಸರಿಹೊಂದೋ ಒಂದು ರೈಲು, ನಿಲ್ಲದೇ ನಡೆಯೋ ಒಂದು ವಿಮಾನ, ಎಂದು?

ಮನ್ಯಾಗಿನ ಗಂಡಸರಿಗೆ ಹೇಳ್ರಿ: ರೊಟ್ಟಿ ಗಂಟು ಕಟ್ಟೋದೂ ಪ್ರವಾಸದ ಕೆಲಸವೇ. ಕೈ ಹಚ್ಚಿದ್ರ ಇಬ್ಬರ ದಿನ 1 ಕೂಡಿ ಶುರುವಾಗ್ತದ.

ಇನ್ನು ನಿಮಗ. ಸೇಡಂದವರೇ, ಶಹಾಬಾದಿನವರೇ, ಚಿಂಚೋಳಿಯವರೇ, ಮುಂದಿನ ಸಲ ಎಲ್ಲಿಗೇ ಹೋದ್ರೂ ನಿಮ್ಮ ಸ್ಟೇಷನ್ನಿನ, ನಿಮ್ಮ ಬಸ್‌ಸ್ಟ್ಯಾಂಡಿನ ಫೋಟೋ ಮೊದಲು ಹಾಕ್ರಿ. ಕೆಳಗ "ದಿನ 1" ಅಂತ ಬರೀರಿ. ನಾಚಬ್ಯಾಡ್ರಿ. ನಾವು ಎಲ್ಲಿಂದ ಹೊಂಟೀವಿ ಅಂತ ನಾವೇ ಹೇಳದಿದ್ರ ಇನ್ನೊಬ್ಬರು ಯಾಕ ಹೇಳ್ತಾರ?

ನಿಮ್ಮ ದಿನ 1 ಎಷ್ಟು ತಾಸಿಂದು? ಬರೀರಿ, ಓದ್ತೀನಿ.

#ರಾವೂರ #ವಾಡಿಜಂಕ್ಷನ್ #ಚಿತ್ತಾಪುರ #ಸೇಡಂ #ಶಹಾಬಾದ್ #ಕಲ್ಯಾಣಕರ್ನಾಟಕ #ಅಂಡಮಾನ್ #ದಿನ1