ಬೆಳಕನ್ನೂ ಅಳೆದು ಕೊಡಿ

ಅಕ್ಕಿಯನ್ನು ತೂಗಿ ಕೊಳ್ಳುತ್ತೇವೆ. ಎಣ್ಣೆಯನ್ನು ಅಳೆದು ಕೊಳ್ಳುತ್ತೇವೆ. ತೂಕದಲ್ಲಿ ಮೋಸ ಮಾಡಿದ ವರ್ತಕನನ್ನು ನಡುಸಂತೆಯಲ್ಲಿ ನಿಲ್ಲಿಸಿ ಕೇಳುವ ಹಕ್ಕು ಕೂಲಿಯವನಿಗೂ ಉಂಟು. ಆದರೆ ಬೆಳಕೊಂದನ್ನು ಮಾತ್ರ ನಾವು ಇಂದಿಗೂ ಅಳತೆಯಿಲ್ಲದೆ ಕೊಳ್ಳುತ್ತಿದ್ದೇವೆ. ಚಾಮರಾಜನಗರದ ಅಂಗಡಿ ಬೀದಿಯಲ್ಲಾಗಲಿ, ಗುಂಡ್ಲುಪೇಟೆಯ ಸಂತೆಯಲ್ಲಾಗಲಿ, ಬಲ್ಬು ಕೇಳಿದವನಿಗೆ ಎದುರಾಗುವ ಪ್ರಶ್ನೆ ಒಂದೇ: "ಎಷ್ಟು ವ್ಯಾಟು?" ವ್ಯಾಟು ಎಂಬುದು ಬಲ್ಬು ತಿನ್ನುವ ವಿದ್ಯುತ್ತಿನ ಅಳತೆ, ಅದು ಕೊಡುವ ಬೆಳಕಿನ ಅಳತೆಯ ಹೆಸರು ಲ್ಯೂಮೆನ್. ಎತ್ತು ಎಷ್ಟು ಮೇವು ತಿನ್ನುತ್ತದೆಂದು ಹೇಳಿ, ಎಷ್ಟು ಉಳುತ್ತದೆಂಬುದನ್ನು ಹೇಳದ ದಲ್ಲಾಳಿಯನ್ನು ನಮ್ಮ ರೈತ ನಂಬುತ್ತಾನೆಯೇ?

ಲೆಕ್ಕವನ್ನು ನೋಡಿರಿ. ಹಳೆಯ 60 ವ್ಯಾಟಿನ ತಂತಿಯ ಬಲ್ಬು ಕೊಡುವ ಬೆಳಕು ಸುಮಾರು 700 ಲ್ಯೂಮೆನ್. ಅದು ತಿಂದ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬರಿಯ ಬಿಸಿಯಾಗಿ ಹೋಗುತ್ತದೆ. ಒಳ್ಳೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಅಷ್ಟೇ ಬೆಳಕನ್ನು, ಕೆಲವೊಮ್ಮೆ ಹೆಚ್ಚನ್ನೇ ಕೊಡುತ್ತದೆ. ದಿನಕ್ಕೆ ಐದು ಗಂಟೆ ಉರಿಸಿದರೆ ಮೊದಲನೆಯದಕ್ಕೆ ತಿಂಗಳಿಗೆ 9 ಯೂನಿಟ್ಟು, ಎರಡನೆಯದಕ್ಕೆ ಒಂದೂವರೆ ಯೂನಿಟ್ಟಿಗಿಂತ ಕಡಿಮೆ. ವರ್ಷಕ್ಕೆ ಒಂದು ಬಲ್ಬಿನಲ್ಲಿಯೇ 90 ಯೂನಿಟ್ಟಿಗೂ ಹೆಚ್ಚು ಉಳಿತಾಯ. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೂ ಆರುನೂರು ರೂಪಾಯಿ ದಾಟಿತು. ಹತ್ತು ರೂಪಾಯಿ ಅಗ್ಗವೆಂದು ಹಳೆಯ ಬಲ್ಬನ್ನು ಕೊಂಡವನು ಅದರ ಬೆಲೆಯನ್ನು ಅಂಗಡಿಯಲ್ಲಿ ಕೊಟ್ಟು ಮುಗಿಸಲಿಲ್ಲ. ಮೀಟರಿನ ಮುಂದೆ ತಿಂಗಳು ತಿಂಗಳೂ ಕಂತು ಕಟ್ಟುತ್ತಲೇ ಇರುತ್ತಾನೆ.

"ಈಗ ಕರೆಂಟು ಪುಕ್ಕಟೆಯಲ್ಲವೇ? ಬಲ್ಬಿನ ಚಿಂತೆ ಏತಕ್ಕೆ?" ಎಂದು ಆಳುವವರ ಬೆಂಬಲಿಗರು ಕೇಳುತ್ತಾರೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯನ್ನು ನಾವು ಹಳಿಯುವುದಿಲ್ಲ; ಬಡವನ ಮನೆಗೆ ಬಂದ ಯಾವ ಬೆಳಕನ್ನೂ ಸಮಾಜವಾದಿಯಾದವನು ಹಳಿಯತಕ್ಕದ್ದಲ್ಲ. ಆದರೆ ಅದರ ಲೆಕ್ಕಾಚಾರವನ್ನು ಬಿಡಿಸಿ ಹೇಳದಿರುವುದೂ ತರವಲ್ಲ. ಎಲ್ಲರಿಗೂ 200 ಯೂನಿಟ್ಟು ಎಂಬುದು ಘೋಷಣೆ. ಪ್ರತಿ ಮನೆಯ 2022–23ರ ಸರಾಸರಿ ಬಳಕೆ, ಅದರ ಮೇಲೆ ಒಂದಿಷ್ಟು ಹೆಚ್ಚುವರಿ ಎಂಬುದು ಕಟ್ಟಳೆ. ಗೀಸರು, ಫ್ರಿಜ್ಜು ಇಟ್ಟುಕೊಂಡು ಹೆಚ್ಚು ಉರಿಸಿದವನಿಗೆ ದೊಡ್ಡ ಪಾಲು. ಎರಡು ಬಲ್ಬುಗಳಲ್ಲಿ ಕಾಲ ಹಾಕಿದವನಿಗೆ ಚಿಕ್ಕ ಪಾಲು! ಆ ಗೆರೆ ದಾಟಿದರೆ ಮಿಕ್ಕದ್ದಕ್ಕೆ ಹಣ ಕಟ್ಟಬೇಕು. ಹೀಗಿರುವಾಗ ಚಿಕ್ಕ ಪಾಲಿನವನ ಮನೆಯಲ್ಲಿ ಬಲ್ಬು ವ್ಯರ್ಥವಾಗಿ ತಿನ್ನುವ ಒಂದೊಂದು ಯೂನಿಟ್ಟೂ ಅವನ ಮಗಳ ಓದಿನ ದೀಪದಿಂದ, ಬೇಸಗೆಯ ಫ್ಯಾನಿನಿಂದ ಕಿತ್ತುಕೊಂಡದ್ದೇ ಸರಿ.

ಇನ್ನು ಅಂಗಡಿಯವರ ಪಾಡು. ಚಹಾದಂಗಡಿ, ಕ್ಷೌರದಂಗಡಿ, ದರ್ಜಿಯ ಅಂಗಡಿ, ಹೂವಿನ ಮಳಿಗೆ ಇವಾವುದಕ್ಕೂ ಗೃಹಜ್ಯೋತಿ ಇಲ್ಲ. ಇವರು ಕಟ್ಟುವುದು ವಾಣಿಜ್ಯ ದರ. ಹಳೆಯ ಚೋಕು ಸಮೇತ ಟ್ಯೂಬ್‌ಲೈಟು ಸುಮಾರು 50 ವ್ಯಾಟು ಎಳೆಯುತ್ತದೆ; ಅದರ ಜಾಗದಲ್ಲಿ 20 ವ್ಯಾಟಿನ ಎಲ್‌ಇಡಿ ಪಟ್ಟಿ ಸಾಕು. ದಿನಕ್ಕೆ ಹತ್ತು ಗಂಟೆ ಉರಿಯುವ ಕಡೆ ತಿಂಗಳಿಗೆ 9 ಯೂನಿಟ್ಟಿನ ಅಂತರ. ಆದರೆ ಮಳಿಗೆ ಬಾಡಿಗೆಯದು, ದೀಪ ಮಾಲೀಕನದು, ಬಿಲ್ಲು ಮಾತ್ರ ಬಾಡಿಗೆದಾರನದು! ಬಿಲ್ಲು ಕಟ್ಟದ ಮಾಲೀಕನು ದೀಪ ಏಕೆ ಬದಲಿಸಿಯಾನು? ನಾಳೆ ತೆರವು ಮಾಡಬೇಕಾದೀತೆಂಬ ಅಂಜಿಕೆಯಲ್ಲಿರುವ ಬಾಡಿಗೆದಾರನು ಕೈಯಿಂದ ಏಕೆ ಹಾಕಿಯಾನು?

ಎಲ್‌ಇಡಿ ಬಲ್ಬು ಬಡವನ ಕೈಗೆ ಎಟುಕಿದ್ದು ಹೇಗೆ ಎಂಬುದನ್ನೂ ನೆನೆಯೋಣ. ಸರ್ಕಾರಿ ಸ್ವಾಮ್ಯದ ಇ.ಇ.ಎಸ್.ಎಲ್. ಸಂಸ್ಥೆ 2014ರಲ್ಲಿ ಒಂದಕ್ಕೆ 310 ರೂಪಾಯಿಯಂತೆ ಕೊಂಡ ಬಲ್ಬು, 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ಯಾರ ದಯೆಯಿಂದ? ಕೋಟಿಗಟ್ಟಲೆ ಮನೆಗಳ ಬೇಡಿಕೆಯನ್ನು ಒಂದುಗೂಡಿಸಿ ಒಟ್ಟಾಗಿ ಕೊಂಡದ್ದರಿಂದ. ಉಜಾಲಾ ಎಂಬ ಆ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಬಲ್ಬುಗಳು ದೇಶದಲ್ಲಿ ಹಂಚಿಕೆಯಾದವು. ನಮ್ಮ ರಾಜ್ಯದಲ್ಲಿ "ಹೊಸ ಬೆಳಕು" ಎಂಬ ಹೆಸರಿನಲ್ಲಿ ಬಂತು. ಕೆಟ್ಟರೆ ಬದಲಿಸಿಕೊಡುವ ಖಾತರಿಯೂ ಇತ್ತು. ಒಟ್ಟಾಗಿ ಕೊಂಡರೆ ಬೆಲೆ ಬಗ್ಗುತ್ತದೆಂಬ ನಮ್ಮ ಹಳೆಯ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕೆ? ಹಂಚಿಕೆಯ ಆ ಭರಾಟೆ ತಣಿದ ಮೇಲೆ, ಕೆಟ್ಟ ಬಲ್ಬನ್ನು ಹಿಡಿದು ಬಡವನು ಮತ್ತೆ ಬಿಡಿ ಮಾರುಕಟ್ಟೆಯ ಬಾಗಿಲಿಗೇ ಬಂದು ನಿಂತಿದ್ದಾನೆ.

ಆ ಮಾರುಕಟ್ಟೆಯಲ್ಲಿ ಏನಿದೆ? 2018ರಿಂದ ಎಲ್‌ಇಡಿ ಬಲ್ಬಿಗೆ ತಾರಾ ಗುರುತು ಕಡ್ಡಾಯ. ಮಾನಕ ಬ್ಯೂರೋದ ನೋಂದಣಿ ಸಂಖ್ಯೆಯೂ ಇರತಕ್ಕದ್ದು. ಕಟ್ಟಳೆ ಕಾಗದದ ಮೇಲೆ ಗಟ್ಟಿಯಾಗಿದೆ. ಆದರೆ 2017ರಲ್ಲಿ ನೀಲ್ಸನ್ ಸಂಸ್ಥೆ ದೆಹಲಿ, ಮುಂಬಯಿ, ಅಹಮದಾಬಾದು, ಹೈದರಾಬಾದುಗಳ 200 ಅಂಗಡಿಗಳಲ್ಲಿ ನೋಡಿದಾಗ ನೂರಕ್ಕೆ 76 ಬಲ್ಬಿನ ಬ್ರಾಂಡುಗಳು ಸುರಕ್ಷತೆಯ ನಿಯಮಕ್ಕೆ ಹೊಂದಿರಲಿಲ್ಲ. ಈ ವರದಿಯನ್ನು ಹೊರತಂದದ್ದು ದೊಡ್ಡ ದೀಪ ಕಂಪನಿಗಳ ಸಂಘ. ತಮ್ಮ ಸರಕನ್ನು ಮಾರುವ ಆಸೆ ಅವರಿಗೂ ಇದ್ದೀತು. ಅಷ್ಟನ್ನು ಕಳೆದರೂ, ಮಹಾನಗರಗಳ ಪಾಡೇ ಇದಾದರೆ, ತೆರಕಣಾಂಬಿಯ ಸಂತೆಯಲ್ಲಿ ಹೆಸರಿಲ್ಲದ ಬಲ್ಬು ಕೊಂಡ ಕೂಲಿಯವನನ್ನು ಕಾಯುವವರು ಯಾರು? ಅಂಥ ಬಲ್ಬು ವೋಲ್ಟೇಜಿನ ಏರಿಳಿತಕ್ಕೆ ತಿಂಗಳೊಪ್ಪತ್ತಿನಲ್ಲಿ ಮಿಣಕಿ ಸಾಯುತ್ತದೆ. ಹಳ್ಳಿಗಳಲ್ಲಿ ಈ ಏರಿಳಿತ ಹೆಚ್ಚು. ಸಾಯುವ ಬಲ್ಬೂ ಹಳ್ಳಿಯವನದೇ. "ಎಲ್‌ಇಡಿಯೇ ಬೇಡ" ಎಂದು ಅವನು ಹಳೆಯ ತಂತಿಯ ಬಲ್ಬಿಗೆ ಮರಳಿದರೆ ತಪ್ಪು ಅವನದೆನ್ನೋಣವೇ?

"ವಿದ್ಯುತ್ ಉಳಿಸಿ" ಎಂದು ಗೋಡೆ ಗೋಡೆಯ ಮೇಲೆ ಬರೆಸುವವರು, ಬಿಸಿಲೇರಿದ ಮೇಲೂ ಉರಿಯುವ ಬೀದಿದೀಪಗಳನ್ನು ತಲೆಯೆತ್ತಿ ನೋಡುವುದಿಲ್ಲ. ಬೀದಿದೀಪದ ಬಿಲ್ಲನ್ನು ಕಟ್ಟುವುದೂ ಜನರೇ. ಮನೆಯಾಕೆಗೆ ಉಳಿತಾಯದ ಉಪದೇಶ ಹೇಳುವ ಮೊದಲು ಹೊತ್ತಿಗೆ ಸರಿಯಾಗಿ ಆರುವ ಒಂದು ಸ್ವಿಚ್ಚನ್ನಾದರೂ ಕಂಬಕ್ಕೆ ಹಾಕಿಸಬಾರದೇ?

ಬಲ್ಬಿನಂಥ ಸಣ್ಣ ವಿಷಯ ಪಕ್ಷದ ಪತ್ರಿಕೆಗೇಕೆ ಎಂದು ನಮ್ಮ ಗೆಳೆಯರೇ ಕೇಳಿಯಾರು. ನಮ್ಮ ಜಿಲ್ಲೆಯ ಅಂಚಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಓಡಿದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ. ಕಾವೇರಿ ಧುಮುಕಿದ್ದು ಇಲ್ಲಿ, ದೀಪ ಹತ್ತಿದ್ದು ಅಲ್ಲಿ! ಕಾಡಂಚಿನ ಸೋಲಿಗರ ಪೋಡುಗಳಲ್ಲಿ ಸೌರದೀಪವನ್ನೇ ನಂಬಿದ ಮನೆಗಳು ಇಂದಿಗೂ ಇವೆ. ಬ್ಯಾಟರಿ ಸತ್ತರೆ ಆ ದೀಪ ಗೋಡೆಯ ಅಲಂಕಾರ ಮಾತ್ರ. ಬೆಳಕು ಯಾರಿಗೆ, ಎಷ್ಟು, ಯಾವ ಬೆಲೆಗೆ ಎಂಬುದು ಅಂದಿನಿಂದಲೂ ರಾಜಕೀಯದ ಪ್ರಶ್ನೆಯೇ.

ಆದುದರಿಂದ ನಮ್ಮ ಒತ್ತಾಯ ಇಷ್ಟು. ಒಂದು, ನ್ಯಾಯಬೆಲೆ ಅಂಗಡಿಗಳಲ್ಲಿ ಮತ್ತು ಚಾಮುಂಡೇಶ್ವರಿ ವಿದ್ಯುತ್ ನಿಗಮದ ಉಪವಿಭಾಗ ಕಚೇರಿಗಳಲ್ಲಿ ಒಟ್ಟು ಖರೀದಿಯ ಬೆಲೆಗೆ, ಬದಲಿಸಿಕೊಡುವ ಖಾತರಿಯೊಂದಿಗೆ ಎಲ್‌ಇಡಿ ಬಲ್ಬು ಸಿಗಬೇಕು. ಎರಡು, ಗುರುತಿಲ್ಲದ ಬಲ್ಬು ಮಾರುವ ಸಗಟು ವ್ಯಾಪಾರಿಯ ಗೋದಾಮಿನ ಮೇಲೆ ದಾಳಿಯಾಗಬೇಕು. ಸಂತೆಯ ತಳ್ಳುಗಾಡಿಯವನ ಮೇಲಲ್ಲ. ಮೂರು, ಚಾಮರಾಜನಗರ ನಗರಸಭೆ, ಗುಂಡ್ಲುಪೇಟೆ ಪುರಸಭೆಗಳು ಬೀದಿದೀಪದ ವಿದ್ಯುತ್ ಖರ್ಚನ್ನು ವಾರ್ಡುವಾರು ಹಲಗೆಯ ಮೇಲೆ ಬರೆಸಬೇಕು. ತಮ್ಮ ಬಾಡಿಗೆ ಮಳಿಗೆಗಳ ದೀಪಗಳನ್ನು ತಾವೇ ಮೊದಲು ಬದಲಿಸಿ ಖಾಸಗಿ ಮಾಲೀಕರಿಗೆ ದಾರಿ ತೋರಬೇಕು. ನಾಲ್ಕು, ಪೋಡುಗಳ ಸೌರದೀಪಗಳಿಗೆ ಬ್ಯಾಟರಿ ಬದಲಿಸುವ ಹೊಣೆಯನ್ನು ಸರ್ಕಾರವೇ ಹೊರಬೇಕು.

ಅಲ್ಲಿಯವರೆಗೆ ಓದುಗರು ಅಂಗಡಿಯಲ್ಲಿ ವ್ಯಾಟನ್ನು ಕೇಳಿ ಸುಮ್ಮನಾಗಬೇಡಿ. ಡಬ್ಬಿಯ ಮೇಲೆ ಲ್ಯೂಮೆನ್ ಎಷ್ಟು, ತಾರೆ ಎಷ್ಟು, ಖಾತರಿ ಎಷ್ಟು ವರ್ಷ ಎಂದು ಓದಿಸಿ ಕೇಳಿ. 9 ವ್ಯಾಟಿಗೆ 800 ಲ್ಯೂಮೆನ್ನೂ ಇಲ್ಲದಿದ್ದರೆ ಮರಳಿಸಿ. ಬಟ್ಟೆ, ಹೂವು, ಅರಿಶಿನದ ವ್ಯಾಪಾರದವರು ದೀಪದ ಕೆಳಗೆ ಸರಕಿನ ಬಣ್ಣ ಹಗಲಿನಂತೆಯೇ ಕಾಣುವುದೋ ಎಂದು ನೋಡಿ ಕೊಳ್ಳಿ. ರಸೀದಿಯನ್ನು ಬಿಡದೆ ಪಡೆಯಿರಿ. ಒಬ್ಬನು ಕೇಳಿದರೆ ವರ್ತಕ ನಕ್ಕಾನು. ಊರೇ ಕೇಳತೊಡಗಿದರೆ ತಕ್ಕಡಿ ತಾನಾಗಿ ಹೊರಬಂದೀತು.