ಕಾಂಡ್ಲಾ ನೆಡುವ ಮುನ್ನ ಬೇರು ನೋಡಿ

2023ರ ಕೇಂದ್ರ ಬಜೆಟ್‌ನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆಸುವ ಮಿಷ್ಟಿ ಯೋಜನೆ ಘೋಷಣೆಯಾದ ಮೇಲೆ ಅದನ್ನು ನೆಡುವ ಮಾತಿಗೆ ಹೊಸ ಹುರುಪು ಬಂದಿದೆ. ಇಂಥ ಕೆಲಸದಲ್ಲಿ ಕೈಗೆ ಮೊದಲು ಸಿಗುವುದು ರೈಜೋಫೊರಾ ಎಂಬ ಕಾಂಡ್ಲಾ. ಅದರ ಬೀಜ ತಾಯಿಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ಜೋತಾಡುತ್ತದೆ. ಕಿತ್ತು ಕೆಸರಿಗೆ ಚುಚ್ಚಿದರೆ ಗಿಡ. ಈ ಸುಲಭವೇ ಮೋಸದ್ದು. ಆಸರೆ ಬೇರುಗಳ ಮೇಲಿನ ಸಣ್ಣ ರಂಧ್ರಗಳ ಮೂಲಕ ಅದರ ಬುಡಕ್ಕೆ ಗಾಳಿ ಸಿಗಬೇಕು. ದಿನದ ಬಹುಪಾಲು ನೀರಲ್ಲಿ ಮುಳುಗಿರುವ ಬಯಲು ಕೆಸರಿನಲ್ಲಿ ಎಳೆ ಸಸಿ ಉಳಿಯುವುದು ಕಷ್ಟ. ಫಿಲಿಪ್ಪೀನ್ಸ್‌ನಲ್ಲಿ ಹೀಗೆ ನೆಟ್ಟ ಅಪಾರ ಸಸಿಗಳು ಸತ್ತಿವೆ. ಉಪ್ಪಿನ ವಿಷಯದಲ್ಲೂ ಜಾತಿಗಳು ಬೇರೆ ಬೇರೆ: ರೈಜೋಫೊರಾ ಅದನ್ನು ಬೇರಿನಲ್ಲೇ ಬಹುಮಟ್ಟಿಗೆ ತಡೆಯುತ್ತದೆ. ಅವಿಸೆನ್ನಿಯಾ ಎಂಬ ಇನ್ನೊಂದು ಕಾಂಡ್ಲಾ ಎಲೆಯ ಗ್ರಂಥಿಗಳಿಂದಲೂ ಉಪ್ಪು ಹೊರಹಾಕಿ, ಹೆಚ್ಚು ಉಪ್ಪಿನ ನೆಲದಲ್ಲೂ ತಾಳುತ್ತದೆ. ಕಡಿದರೆ ಅದು ಚಿಗುರುತ್ತದೆ. ಬಲಿತ ರೈಜೋಫೊರಾ ಸಾಮಾನ್ಯವಾಗಿ ಚಿಗುರದು.

ದಡ ಕಾಯಲು ರೈಜೋಫೊರಾದ ಬೇರಿನ ಬಲೆಗಿಂತ ಬೇರೇನು ಬೇಕು ಎನ್ನಬಹುದು. ಅಲೆಯ ರಭಸ ತಗ್ಗಿಸಿ ಹೂಳು ಹಿಡಿಯುವುದರಲ್ಲಿ ಅದು ಗಟ್ಟಿಯೇ, ಬದುಕಿದ್ದರೆ ತಾನೆ! ಉತ್ತರ ಕನ್ನಡದ ಅಘನಾಶಿನಿಯಂಥ ಅಳಿವೆಯಲ್ಲಿ ಜನ ಬಳಚು (ಚಿಪ್ಪುಜೀವಿ) ಹೆಕ್ಕುವ ಕೆಸರುಬಯಲನ್ನು ಖಾಲಿ ಜಾಗವೆಂದು ಎಣಿಸಿ ನೆಟ್ಟರಂತೂ ಇನ್ನೂ ಕೆಟ್ಟದ್ದು. ಉಬ್ಬರ ಎಷ್ಟು ಹೊತ್ತು ನಿಲ್ಲುತ್ತದೆ, ನೀರು ಎಷ್ಟು ಉಪ್ಪು ಎಂದು ಅಳೆದ ಮೇಲೆ ಜಾತಿ ಆರಿಸಲಿ. ಒಡ್ಡು ತೆರೆದು ನೀರಿನ ಹರಿವು ಮರಳಿಸಿದ ಕಡೆ, ಹತ್ತಿರ ಬೀಜದ ಮರಗಳಿದ್ದರೆ, ಕೆಲವೊಮ್ಮೆ ನೆಡುವ ಅಗತ್ಯವೇ ಬೀಳದು.